ಗೋಡೆಗಿಂತ ಮೊದಲು ಚಕ್ಕುಬಂದಿ

ಪಾಳುಬಿದ್ದ ಕಟ್ಟಡದ ಸಂರಕ್ಷಣೆಯ ಕೆಲಸಕ್ಕೆ ಹೋದಾಗ ನಾನು ಗೋಡೆಗೆ ಅಳತೆಪಟ್ಟಿ ಹಿಡಿಯುವ ಮೊದಲು ಆ ಜಾಗದ ಹಳೆಯ ದಾನಪತ್ರವನ್ನು ಹುಡುಕುತ್ತೇನೆ. ಕಟ್ಟಡ ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಕಲ್ಲಿಗಿಂತ ಆ ಪತ್ರದ ಚಕ್ಕುಬಂದಿ, ಅಂದರೆ ಭೂಮಿಯ ಎಲ್ಲೆಗಳ ವಿವರ, ಚೆನ್ನಾಗಿ ಹೇಳುತ್ತದೆ. ವೇಲ್ಸ್‌ನ ಕೆರೆಡಿಗಿಯನ್ ಸೀಮೆಯಲ್ಲಿರುವ ಸ್ಟ್ರಾಟಾ ಫ್ಲೋರಿಡಾ ಎಂಬ, ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ ಇದಕ್ಕೆ ಒಳ್ಳೆಯ ನಿದರ್ಶನ.

ವೆಲ್ಷ್ ಜನರ ಬಾಯಲ್ಲಿ ಅದು ಅಸ್ಟ್ರಾಡ್ ಫ್ಲೀರ್, ಅಂದರೆ ಫ್ಲೀರ್ ತೊರೆಯ ಕಣಿವೆ. ಲ್ಯಾಟಿನ್ ಬರೆಯುವ ಕರಣಿಕರ ಕೈಗೆ ಸಿಕ್ಕ ಮೇಲೆ ಕಣಿವೆ ಎಂಬ ಪದವೇ ಹಾಸುಗಲ್ಲಿನ ದಾರಿ ಎಂಬರ್ಥದ 'ಸ್ಟ್ರಾಟಾ' ಆಯಿತು. 1164ರಲ್ಲಿ ಅದನ್ನು ಸ್ಥಾಪಿಸಿದವನು ನಾರ್ಮನ್ ಪಾಳೆಯಗಾರ ರಾಬರ್ಟ್ ಫಿಟ್ಸ್‌ಸ್ಟೀಫನ್. ಮರುವರ್ಷವೇ ದಕ್ಷಿಣ ವೇಲ್ಸ್‌ನ ಡೆಹೆಬಾರ್ತ್ ರಾಜ್ಯದ ಅರಸ ರೀಸ್ ಆಪ್ ಗ್ರಿಫಿತ್ ಆ ಸೀಮೆಯನ್ನು ಗೆದ್ದು ರಾಬರ್ಟನನ್ನು ಸೆರೆಹಿಡಿದ. ರಾಬರ್ಟನ ತಾಯಿ ನೆಸ್ಟ್ ರೀಸನಿಗೆ ಸೋದರತ್ತೆ. ಜಗಳ ಮನೆಯೊಳಗಿನದೂ ಹೌದು. ಸೋತವನ ದತ್ತಿಯನ್ನು ರೀಸ್ ರದ್ದುಪಡಿಸಲಿಲ್ಲ, ಇನ್ನಷ್ಟು ಬೆಳೆಸಿದ. 1184ರ ಅವನ ಶಾಸನಪತ್ರ ಮಠದ ಭೂಮಿಯನ್ನು ಸ್ಥಳೀಯ ಹೆಸರುಗಳಿಂದಲೇ ಗುರುತಿಸುತ್ತದೆ. ಅದೇ ಕಾಲಕ್ಕೆ ಟೈವಿ ನದಿಯ ಬಳಿಯ ಈಗಿನ ಜಾಗದಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಯಿತು; ಸನ್ಯಾಸಿಗಳು ಹೊಸ ಚರ್ಚನ್ನು ಪ್ರವೇಶಿಸಿದ್ದು 1201ರಲ್ಲಿ.

ಜನವಸತಿಯಿಂದ ದೂರವಿರಬೇಕೆಂಬುದು ಸಿಸ್ಟರ್ಷಿಯನ್ನರ ನಿಯಮವಾದರೂ ದಾನವಾಗಿ ಬಂದ ಭೂಮಿ ನಿರ್ಜನವಾಗಿರಲಿಲ್ಲ. ಅಲ್ಲಿ ಮೊದಲೇ ಕುರಿ, ದನ ಸಾಕುವವರಿದ್ದರು. ಚಳಿಗಾಲಕ್ಕೆ ತಗ್ಗಿನ 'ಹೆಂಡ್ರೆ', ಬೇಸಿಗೆಗೆ ಗುಡ್ಡದ ಮೇಲಿನ 'ಹಾವೊಡ್' ಎಂಬ ಎರಡು ಮನೆಗಳ ಬದುಕು ಅವರದು. ಮಠ ತನ್ನ ಭೂಮಿಯನ್ನು ಗ್ರೇಂಜ್ ಎಂಬ ಸಾಗುವಳಿ ಘಟಕಗಳಾಗಿ ವಿಂಗಡಿಸಿ, ಮಂತ್ರಪಠಣದ ಹೊಣೆ ಕಡಿಮೆಯಿದ್ದ ದುಡಿಮೆಯ ಸಹೋದರರ ಕೈಗೆ ಒಪ್ಪಿಸಿತು. ಮುಂದೆ ಅವರ ಸಂಖ್ಯೆ ಕುಗ್ಗಿದಂತೆ ಗೇಣಿದಾರರು ಬಂದರು. ಮಠಕ್ಕೆ ಹಣ ತಂದದ್ದು ಮುಖ್ಯವಾಗಿ ಉಣ್ಣೆ.

ಮಠಕ್ಕೂ ವೆಲ್ಷ್ ನಾಡಿಗೂ ಇದ್ದ ಈ ನಂಟು ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಮಠದ ಶತ್ರುಗಳು ಬೇಗ ಅರಿತರು. 1212ರಲ್ಲಿ ಇಂಗ್ಲೆಂಡಿನ ದೊರೆ ಜಾನ್, ತನ್ನ ವೈರಿಗಳಿಗೆ ಆಸರೆ ಕೊಡುತ್ತದೆಂಬ ಕಾರಣಕ್ಕೆ ಮಠವನ್ನು ನೆಲಸಮ ಮಾಡಲು ಆಜ್ಞೆ ಹೊರಡಿಸಿದ. ಅದು ಜಾರಿಯಾಗಲಿಲ್ಲ, ಆದರೆ ಮಠದ ತಲೆಯ ಮೇಲೆ ಬಿದ್ದ ದಂಡ 1200 ಮಾರ್ಕ್, ಅಂದರೆ 800 ಪೌಂಡ್. ಅದನ್ನು ತೀರಿಸಲು ದಶಕಗಳೇ ಹಿಡಿದವು. ಜಾನನ ಅನುಮಾನ ಸುಳ್ಳೂ ಆಗಿರಲಿಲ್ಲ. 1238ರಲ್ಲಿ ಉತ್ತರ ವೇಲ್ಸ್‌ನ ಅರಸ ಲೆವೆಲಿನ್ ತನ್ನ ಮಗ ಡಾವಿಡ್‌ಗೆ ನಿಷ್ಠೆಯ ಪ್ರಮಾಣ ಮಾಡಿಸಲು ವೆಲ್ಷ್ ಅರಸರನ್ನು ಕರೆಸಿದ್ದು ಇಲ್ಲಿಗೇ. ವೆಲ್ಷ್ ಅರಸರ ವೃತ್ತಾಂತದ ಲ್ಯಾಟಿನ್ ಮೂಲ ಇಲ್ಲಿಯೇ ರೂಪುಗೊಂಡಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಂಗ್ಲಿಷ್ ಆಳ್ವಿಕೆಯ ವಿರುದ್ಧ ವೆಲ್ಷ್ ನಾಯಕ ಓಯಿನ್ ಗ್ಲಿಂಡೂರ್ ಎಬ್ಬಿಸಿದ ದಂಗೆಯಲ್ಲಿ, 1401ರಲ್ಲಿ, ಇಂಗ್ಲೆಂಡಿನ ದೊರೆ ನಾಲ್ಕನೆಯ ಹೆನ್ರಿಯ ಸೇನೆ ಮಠದೊಳಗೇ ಬೀಡುಬಿಟ್ಟಿತು.

1539ರಲ್ಲಿ ಮಠ ಮುಚ್ಚಿದ ಮೇಲೆ ಉಳಿದದ್ದರಲ್ಲಿ ಪಡುವಣ ಬಾಗಿಲು ನನ್ನ ವೃತ್ತಿಯವರನ್ನು ಬಹಳ ಹೊತ್ತು ನಿಲ್ಲಿಸುತ್ತದೆ. ಸಾಮಾನ್ಯವಾಗಿ ಇಂಥ ಕಮಾನು ಕಂಬದ ಬೋದಿಗೆಯ ಮೇಲೆ ಕೂರುತ್ತದೆ. ಇಲ್ಲಿ ಬೋದಿಗೆಯೇ ಇಲ್ಲ. ದುಂಡನೆಯ ಕಲ್ಲಿನ ಪಟ್ಟಿಗಳು ನೆಲದಿಂದ ಎದ್ದು, ಎಲ್ಲೂ ತುಂಡಾಗದೆ ಬಾಗಿ, ಇನ್ನೊಂದು ಬದಿಯ ನೆಲಕ್ಕೆ ಇಳಿಯುತ್ತವೆ. ಅವುಗಳನ್ನು ಕಟ್ಟಿಹಿಡಿದ ಅಡ್ಡಪಟ್ಟಿಗಳ ತುದಿ ಎಳೆಯ ಜರಿಗಿಡದಂತೆ ಸುರುಳಿಗೊಂಡಿದೆ. ಸಿಸ್ಟರ್ಷಿಯನ್ನರ ಸರಳತೆಯ ಕಟ್ಟಳೆಗೆ ಈ ಬಳುಕು ಅಷ್ಟಾಗಿ ಒಗ್ಗುವುದಿಲ್ಲ. ಕೆತ್ತಿದ ಕೈ ಸ್ಥಳೀಯವೆಂದು ನನಗನ್ನಿಸುತ್ತದೆ, ಸಾಬೀತುಪಡಿಸಲಾರೆ.

ಬಾಗಿಲನ್ನಷ್ಟೇ ನೋಡಿ ಹಿಂದಿರುಗುವವರಿಗೆ ಕಾಣದ ಭಾಗವೇ ದೊಡ್ಡದು. ಪಕ್ಕದ ಹೊಲಮನೆಯ ಹೆಸರು ಮನಾಕ್ಲೊಗ್ ವೌರ್, 'ದೊಡ್ಡ ಮಠ'. ಹತ್ತಿರದ ಹಳ್ಳಿ ಪೊಂಟ್ರೀಡ್ವೆಂಡಿಗೈಡ್‌ನ ಹೆಸರಿನಲ್ಲಿ ಪುಣ್ಯದ ಕಡವೂ ಸೇತುವೆಯೂ ಇವೆ. ಅದರ ಮೇಲಿನ ಗುಡ್ಡದ ಫೈರ್ ರೋಸ್‌ನ ಹೆಸರಿನಲ್ಲಿರುವ 'ಫೈರ್' ಎಂದರೆ ಸಂತೆ; ಸನ್ಯಾಸಿಗಳ ಕಾಲದಲ್ಲಿ ಸೇರುತ್ತಿದ್ದ ಸಂತೆಯದು.