ಐದು ಎಳೆಯ ಪ್ರಶ್ನಾವಳಿಗೆ ಫ್ರೆಂಚಿನಲ್ಲಿ ಆರನೆಯ ಎಳೆ

ಪ್ರಶ್ನಾವಳಿಯೊಂದನ್ನು ಬೇರೆ ಭಾಷೆಗೆ ತಂದವರು ನನಗೆ ಮೊದಲು ತೋರಿಸುವುದು ಸಾಮಾನ್ಯವಾಗಿ ಕ್ರಾನ್‌ಬಾಕ್ ಆಲ್ಫಾದ ಅಂಕಿಯನ್ನು, ಅದು 0.80 ದಾಟಿದ್ದರೆ ಕೆಲಸ ಮುಗಿಯಿತೆಂಬ ನೆಮ್ಮದಿ ಅವರದು. ಆದರೆ ಒಂದು ಗುಂಪಿನ ಹೇಳಿಕೆಗಳಿಗೆ ಬಂದ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನಷ್ಟೇ ಆಲ್ಫಾ ಹೇಳುತ್ತದೆ. ನಾವು ಹೆಸರಿಟ್ಟ ಗುಣವನ್ನೇ ಅವು ಅಳೆಯುತ್ತಿವೆ ಎಂಬ ಸಪ್ರಮಾಣತೆಗೆ ಬೇರೆಯೇ ಸಾಕ್ಷ್ಯ ಬೇಕು. ಫ್ರೆಂಚ್ ಭಾಷಿಕ ವಿದ್ಯಾರ್ಥಿಗಳ ಅಸ್ಮಿತೆಯ ಬೆಳವಣಿಗೆಯನ್ನು ಅಳೆಯಲು ಹೊರಟಾಗ ಆದದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಹರೆಯದಲ್ಲಿ ಅಸ್ಮಿತೆ ರೂಪುಗೊಳ್ಳುವ ಬಗ್ಗೆ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್‌ರ ವಿಚಾರವನ್ನು ಅಳತೆಗೆ ಒಗ್ಗಿಸಿದ ಜೇಮ್ಸ್ ಮಾರ್ಸಿಯಾ 1966ರಲ್ಲಿ ಅನ್ವೇಷಣೆ (ಬದುಕಿನ ಆಯ್ಕೆಗಳನ್ನು ಅರಸುವುದು) ಮತ್ತು ಬದ್ಧತೆ (ಒಂದನ್ನು ಆಯ್ದು ಅದಕ್ಕೆ ನಿಲ್ಲುವುದು) ಎಂಬ ಎರಡೇ ಅಳತೆಗೋಲುಗಳನ್ನು ಇಟ್ಟುಕೊಂಡಿದ್ದರು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕೋನ್ ಲೈಕ್ಸ್ ಮತ್ತು ಸಂಗಡಿಗರು 2008ರಲ್ಲಿ ಅವನ್ನು ಐದು ಎಳೆಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಐದರಂತೆ 25 ಹೇಳಿಕೆಗಳ ಪ್ರಶ್ನಾವಳಿಯನ್ನು ರಚಿಸಿದರು: ಬದ್ಧತೆ ತಳೆಯುವುದು, ಅದನ್ನು ತನ್ನದಾಗಿಸಿಕೊಳ್ಳುವುದು, ಹಲವು ಆಯ್ಕೆಗಳನ್ನು ನೋಡುವ ವಿಸ್ತಾರದ ಅನ್ವೇಷಣೆ, ಆಯ್ದುಕೊಂಡದ್ದನ್ನೇ ಪರಿಶೀಲಿಸುವ ಆಳದ ಅನ್ವೇಷಣೆ, ಮತ್ತು ನಿರ್ಧಾರಕ್ಕೆ ಬಾರದೆ ಅಲ್ಲಲ್ಲೇ ಸುತ್ತುವ ಕೊರಗಿನ ಅನ್ವೇಷಣೆ. ಲ್ಯೂವೆನ್ ಡಚ್ ಭಾಷೆಯ ಊರು. ಫ್ರೆಂಚ್ ಮಾತನಾಡುವ ಬೆಲ್ಜಿಯಂ ಅಲ್ಲಿಂದ ದೂರವೇನಲ್ಲ, ಆದರೆ ಪ್ರಶ್ನಾವಳಿಗಳು ಭಾಷೆಯ ಗಡಿಯನ್ನು ತಾವಾಗಿಯೇ ದಾಟುವುದಿಲ್ಲ.

ಅನುವಾದದ ತೊಡಕುಗಳು ಮೊದಲೇ ಎದುರಾಗುತ್ತವೆ. 'ನಾನು ನಿರ್ಧರಿಸಿದ್ದೇನೆ' ಎಂಬ ಕನ್ನಡ ವಾಕ್ಯ ಹೇಳುವವರ ಲಿಂಗವನ್ನು ಸೂಚಿಸುವುದಿಲ್ಲ. ಫ್ರೆಂಚಿನಲ್ಲಿ 'ನನಗೆ ಖಚಿತವಿದೆ' ಎಂದು ಗುಣವಾಚಕ ಬಳಸಿ ಬರೆದರೆ ಗಂಡು ರೂಪವೋ ಹೆಣ್ಣು ರೂಪವೋ ಆಯ್ದುಕೊಳ್ಳಲೇಬೇಕಾದ ಸಂದರ್ಭಗಳು ಬರುತ್ತವೆ. ಬದ್ಧತೆಗೆ ಸಹಜವಾಗಿ ಒದಗುವ 'ಆಂಗಾಜ್‌ಮಾಂ' ಎಂಬ ಪದಕ್ಕೂ ರಾಜಕೀಯ, ಸಾಮಾಜಿಕ ತೊಡಗುವಿಕೆಯ ಛಾಯೆ ಅಂಟಿಕೊಂಡಿದೆ. ಇವೆಲ್ಲ ಎಚ್ಚರದಿಂದ ಬಗೆಹರಿಸಬಹುದಾದವು.

ಬಗೆಹರಿಯದ್ದು ಬೇರೆ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ಪ್ರಶ್ನಾವಳಿಯ ಫ್ರೆಂಚ್ ರೂಪಕ್ಕೆ ಕೊಟ್ಟ ಉತ್ತರಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 'ಆಳದ ಅನ್ವೇಷಣೆ' ಎರಡಾಗಿ ಒಡೆಯಿತು. ಮಾಡಿಕೊಂಡ ಯೋಜನೆಯ ಬಗ್ಗೆ ಯೋಚಿಸುವುದು, ಇತರರೊಡನೆ ಮಾತನಾಡುವುದು ಒಂದು ಕಡೆಗೆ ನಿಂತರೆ, 'ಈ ಗುರಿ ನಿಜಕ್ಕೂ ನನಗೆ ಒಪ್ಪುತ್ತದೆಯೇ' ಎಂಬ ಬಗೆಯವು ಮರುಪರಿಶೀಲನೆ ಎಂಬ ಆರನೆಯ ಎಳೆಯಾದವು. ಇಂಥ ಫಲಿತಾಂಶ ಬಂದಾಗ ಅನುವಾದವನ್ನು ದೂರಿ, ಒಂದೆರಡು ಹೇಳಿಕೆಗಳನ್ನು ಕಿತ್ತುಹಾಕಿ, ಐದನ್ನೇ ಉಳಿಸಿಕೊಳ್ಳುವ ಆಸೆ ಬಲವಾಗಿರುತ್ತದೆ; ನನ್ನ ದೃಷ್ಟಿಯಲ್ಲಿ ಅದು ತಪ್ಪು. ಅಸ್ಮಿತೆಯನ್ನೇ ಅಳೆಯುವ ಇನ್ನೊಂದು ಸಾಧನವಾದ, ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನ 13 ಹೇಳಿಕೆಗಳ ಪ್ರಶ್ನಾವಳಿಯಲ್ಲಿ ಮರುಪರಿಶೀಲನೆ ಮೊದಲಿನಿಂದಲೂ ಪ್ರತ್ಯೇಕ ಆಯಾಮ. ಆಳದ ಅನ್ವೇಷಣೆ ಒಮ್ಮೆ ಬದ್ಧತೆಯೊಡನೆ, ಒಮ್ಮೆ ಕಳವಳದೊಡನೆ ಸೇರಿಕೊಳ್ಳುವ ಹಳೆಯ ಗೊಂದಲಕ್ಕೂ ಈ ಒಡಕು ತಕ್ಕಮಟ್ಟಿಗೆ ಕಾರಣ ಒದಗಿಸುತ್ತದೆ: ಆಯ್ದುಕೊಂಡ ದಾರಿಯನ್ನು ಅರಿಯಲು ಹೊರಟವನನ್ನೂ ಅದನ್ನು ಸಂಶಯಿಸುವವನನ್ನೂ ನಾವು ಒಂದೇ ಅಂಕದಲ್ಲಿ ಕೂಡಿಸುತ್ತಿದ್ದೆವು.

ಆದರೂ ಆರು ಎಳೆಗಳು ಸಿಕ್ಕ ಮಾತ್ರಕ್ಕೆ ಫ್ರಾನ್ಸಿನ ಸರಾಸರಿಯನ್ನು ಸ್ವಿಟ್ಜರ್ಲೆಂಡಿನ ಸರಾಸರಿಯ ಪಕ್ಕದಲ್ಲಿ ಇಡಲಾಗದು. ಎರಡೂ ಗುಂಪುಗಳಲ್ಲಿ ರಚನೆ ಒಂದೇ ಆಗಿರಬೇಕು, ಹೇಳಿಕೆಗಳ ಭಾರ (ಪ್ರತಿ ಹೇಳಿಕೆ ತನ್ನ ಎಳೆಗೆ ಎಷ್ಟು ಬಿಗಿಯಾಗಿ ಅಂಟಿದೆ ಎಂಬುದು) ಒಂದೇ ಆಗಿರಬೇಕು, ಅವುಗಳ ಆರಂಭಬಿಂದುವೂ (ಎಳೆಯ ಮಟ್ಟ ಒಂದೇ ಇದ್ದಾಗ ಹೇಳಿಕೆಗೆ ಬರುವ ಅಂಕ) ಒಂದೇ ಆಗಿರಬೇಕು. ಈ ಮೂರನ್ನು ಒಂದಾದ ಮೇಲೊಂದು ಹಂತವಾಗಿ ಪರೀಕ್ಷಿಸುತ್ತಾರೆ. ಪ್ರತಿ ಹಂತದಲ್ಲಿ, ಊಹಿಸಿದ ರಚನೆ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂದು ತೋರುವ ಸಿ.ಎಫ್.ಐ. ಸೂಚ್ಯಂಕ 0.01ಕ್ಕಿಂತ ಹೆಚ್ಚು ಕುಸಿಯಬಾರದೆಂಬುದು ರೂಢಿಯ ಮಿತಿ. ಮೂರನೆಯ ಹಂತ ದಾಟದಿದ್ದರೆ ಎಳೆಗಳ ನಡುವಣ ಸಂಬಂಧವನ್ನು ಹೋಲಿಸಬಹುದು, ಸರಾಸರಿಗಳನ್ನಲ್ಲ.