ಡಬ್ಬಿಯ ಮೇಲಿನ ‘ಜಿಎಲ್-5’ ಏನು ಹೇಳುತ್ತದೆ?

ಗೇರ್ ಆಯಿಲ್ ಡಬ್ಬಿಯ ಮೇಲೆ ‘75ಡಬ್ಲ್ಯೂ-90, ಎಪಿಐ ಜಿಎಲ್-5’ ಎಂಬಂಥ ಗುರುತಿರುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು 90ರ ಮೇಲೆ. ಆದರೆ ಹಿಂಬದಿಯ ಎರಡು ಚಕ್ರಗಳಿಗೆ ಎಂಜಿನ್‌ನ ಬಲ ಹಂಚುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್ ಮಟ್ಟಿಗೆ ತೂಕದ ಮಾತಿರುವುದು ಕೊನೆಯ ಜಿಎಲ್-5ರಲ್ಲಿ.

ಜಿಎಲ್ ಎಂದರೆ ಗೇರ್ ಲೂಬ್ರಿಕೆಂಟ್. ಗೇರಿನ ಹಲ್ಲುಗಳು ಎಷ್ಟು ಹೊರೆ, ಎಷ್ಟು ಉಜ್ಜಾಟ ತಾಳಬೇಕು ಎಂಬುದಕ್ಕೆ ತಕ್ಕಂತೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಮಾಡಿದ ದರ್ಜೆ ಇದು. ಡಿಫರೆನ್ಷಿಯಲ್‌ಗೆ 5 ಏಕೆ ಬೇಕೆಂದು ತಿಳಿಯಲು ಅದರ ಹೊಟ್ಟೆಯೊಳಗೆ ಇಣುಕಬೇಕು. ಅಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು ಸಾಮಾನ್ಯವಾಗಿ ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು ನಟ್ಟನಡುವಿನ ಮಟ್ಟದಲ್ಲಿ ಕಚ್ಚದೆ ತುಸು ಕೆಳಗೆ ಕಚ್ಚಿಕೊಂಡಿರುತ್ತದೆ. ಇದೇ ಹೈಪಾಯ್ಡ್ ಜೋಡಣೆ. ಇದರಿಂದ, ಗೇರ್‌ಬಾಕ್ಸಿನಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ತಗ್ಗಿನಲ್ಲಿ ಕೂರುತ್ತದೆ, ಸದ್ದೂ ಕಡಿಮೆ. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೂ ಜಾರುತ್ತವೆ. ಹೊರೆ ಏರಿದಾಗ ಆ ಜಾರುವಿಕೆ ಎಣ್ಣೆಯ ಪದರವನ್ನೇ ಒರೆಸಿಹಾಕುತ್ತದೆ. ಆಗ ಕೈಹಿಡಿಯುವುದು ಎಣ್ಣೆಗೆ ಬೆರೆಸಿದ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಅವು ಉಜ್ಜಾಟದ ಬಿಸಿಗೆ ಉಕ್ಕಿನೊಡನೆ ವರ್ತಿಸಿ ತೆಳುವಾದ ಪೊರೆ ಕಟ್ಟಿ, ಲೋಹಕ್ಕೆ ಲೋಹ ಅಂಟದಂತೆ ತಡೆಯುತ್ತವೆ. ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ವಾಸನೆ ಈ ಗಂಧಕದ್ದೇ. ಅಂಗಿಗೆ ತಾಗಿತೋ, ಒಂದು ಒಗೆತಕ್ಕೆಲ್ಲ ಬಿಡುವ ಪೈಕಿಯಲ್ಲ.

ಜಿಎಲ್-4ರಲ್ಲಿ ಈ ರಾಸಾಯನಿಕಗಳ ಪ್ರಮಾಣ ಕಡಿಮೆ. ಅದನ್ನು ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಸುರಿದರೆ ಹಲ್ಲು ಬೇಗ ಸವೆಯುತ್ತದೆ. ಹಾಗೆಂದು ಜಿಎಲ್-5 ಎಲ್ಲಕ್ಕೂ ಮೇಲು ಎಂದುಕೊಂಡು ಜಿಎಲ್-4 ಬೇಡುವ ಗೇರ್‌ಬಾಕ್ಸಿಗೆ ಹಾಕುವುದೂ ತಪ್ಪು: ಗೇರ್ ಬದಲಿಸುವಾಗ ವೇಗ ಹೊಂದಿಸುವ ಅಲ್ಲಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿಗೆ ಅದು ಒಗ್ಗದಿರಬಹುದು.

ಇನ್ನು ಅಂಕಿಗಳು ಎಣ್ಣೆ ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತವೆ. 75ಡಬ್ಲ್ಯೂ ಚಳಿಯಲ್ಲಿ ಹರಿಯುವ ಗುಣಕ್ಕೆ, 90 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಗೆ. ಎಂಜಿನ್ ಆಯಿಲ್‌ನ ಅಳತೆಪಟ್ಟಿ ಬೇರೆಯಾದ್ದರಿಂದ 90ರ ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ಮಂದ. ಕಾರಿನ ಕೈಪಿಡಿ ಯಾವ ಅಂಕಿ ಹೇಳಿದೆಯೋ ಅದೇ ಇರಲಿ. ಡಿಫರೆನ್ಷಿಯಲ್ ಗುಂಯ್‌ಗುಡುತ್ತಿದೆ ಎಂದು 140 ಸುರಿಯುವವರಿದ್ದಾರೆ; ಸದ್ದು ಅಡಗಬಹುದು, ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ.

ಒಂದೇ ಚಕ್ರ ಸುಮ್ಮನೆ ಗಿರಗಿರನೆ ಸುತ್ತದಂತೆ ತಡೆಯಲು ಕ್ಲಚ್ ಪ್ಲೇಟುಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆದರೆ ಜಿಎಲ್-5 ಒಂದೇ ಸಾಲದು. ಪ್ಲೇಟುಗಳು ನಯವಾಗಿ ಜಾರಲು ಫ್ರಿಕ್ಷನ್ ಮಾಡಿಫೈಯರ್ ಎಂಬ, ಉಜ್ಜಾಟವನ್ನು ಹದಗೊಳಿಸುವ ರಾಸಾಯನಿಕ ಬೇಕು. ಕೆಲವು ಎಣ್ಣೆಗಳಲ್ಲಿ ಅದನ್ನು ಮೊದಲೇ ಬೆರೆಸಿರುತ್ತಾರೆ, ಇಲ್ಲವಾದರೆ ಪ್ರತ್ಯೇಕವಾಗಿ ಹಾಕಬೇಕು. ಮರೆತರೆ, ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಹಿಂಬದಿಯಿಂದ ಕಟಕಟ ಸದ್ದು ಕೇಳಿಸುತ್ತದೆ.