ಬಿಸಿನೀರಿನ ಬುಗ್ಗೆಗೆ ಬಣ್ಣ ಹಚ್ಚುವವರು ಯಾರು?

ಕೋಲಾರದ ನಮ್ಮ ಲ್ಯಾಬಿಗೆ ತರಬೇತಿಗೆ ಬರುವ ಮಕ್ಕಳು ಫೋನಿನಲ್ಲಿ ಒಂದು ಫೋಟೊ ತೋರಿಸಿ ಆಗಾಗ ಕೇಳುತ್ತಾರೆ: "ಸರ್, ಇದು ನಿಜಾನಾ, ಎಡಿಟ್ ಮಾಡಿದ್ದಾ?" ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಸ್ಪ್ರಿಂಗ್ ಎಂಬ ಬಿಸಿನೀರಿನ ಬುಗ್ಗೆಯ ಫೋಟೊ ಅದು. ನಡುವೆ ಕಡು ನೀಲಿ. ಸುತ್ತ ಹಸಿರು, ಹಳದಿ, ಕಿತ್ತಳೆ. ಅಂಚಿಗೆ ಬಂದರೆ ಇಟ್ಟಿಗೆ ಕೆಂಪು. ಅಗಲ ಸುಮಾರು 110 ಮೀಟರ್. ಫೋಟೊ ತೆಗೆದವರು ಬಣ್ಣವನ್ನು ಒಂಚೂರು ಜಾಸ್ತಿ ಮಾಡಿರಬಹುದು. ಆದರೆ ಬಣ್ಣಗಳು ನಿಜ, ಅವು ಕೂತಿರುವ ಸಾಲೂ ನಿಜ. ನನಗೆ ಮುಖ್ಯ ಅನಿಸುವುದು ಆ ಸಾಲು. ಯಾವ ಬಣ್ಣ ಎಲ್ಲಿದೆ ಎಂದು ನೋಡಿದರೆ, ಅಲ್ಲಿ ನೀರು ಎಷ್ಟು ಬಿಸಿ ಇದೆ ಎಂದು ಹೆಚ್ಚುಕಮ್ಮಿ ಹೇಳಿಬಿಡಬಹುದು.

ನಡುವಿನ ನೀಲಿ ನೀರಿನದ್ದೇ. ಆಳವಾದ ತಿಳಿನೀರು ಬೆಳಕಿನ ಕೆಂಪನ್ನು ಹೀರಿಕೊಳ್ಳುತ್ತದೆ, ನೀಲಿಯನ್ನು ಚದುರಿಸಿ ವಾಪಸ್ ಕಳಿಸುತ್ತದೆ. ಅಲ್ಲಿನ ಶಾಖ ಸುಮಾರು 87 ಡಿಗ್ರಿ ಸೆಲ್ಸಿಯಸ್. ಆ ಜಾಗ ಸಮುದ್ರಮಟ್ಟದಿಂದ 2 ಕಿಲೋಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಅಂದರೆ ಕುದಿಯೋಕೆ ಸ್ವಲ್ಪವೇ ಬಾಕಿ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಜೀವಿಗಳು ಅಷ್ಟು ಶಾಖ ತಡೆಯುವುದಿಲ್ಲ. ಅವುಗಳಿಗೆ 73, 74 ಡಿಗ್ರಿಯೇ ಕೊನೆಯ ಗಡಿ.

ನೀರು ಅಂಚಿಗೆ ಹರಿಯುತ್ತಾ ಆರುತ್ತದೆ. ಆ ಗಡಿ ಮುಟ್ಟಿದ ಕಡೆಯೇ ಹಳದಿ ಬಳೆ ಶುರು. ಅಷ್ಟು ಬಿಸಿಯಲ್ಲಿ ಬದುಕುವುದು ಹೆಚ್ಚಾಗಿ ಒಂದೇ ಜಾತಿಯವು: ಸಿನೆಕೊಕಾಕಸ್ ಎಂಬ ಸಯನೋಬ್ಯಾಕ್ಟೀರಿಯಾ. ಬೇಸಿಗೆಯಲ್ಲಿ ನಮ್ಮ ಕೆರೆಗಳ ಮೇಲೆ ಹಸಿರು ಪಾಚಿ ಕಟ್ಟುತ್ತದಲ್ಲ, ಅದರಲ್ಲೂ ಇವುಗಳ ನೆಂಟರೇ ಇರುತ್ತಾರೆ. 65 ಡಿಗ್ರಿಗೆ ಇಳಿದರೆ ಇನ್ನಷ್ಟು ಜಾತಿಗಳು ಸೇರಿ ಲೋಳೆ ಪದರ ಕಿತ್ತಳೆಗೆ ತಿರುಗುತ್ತದೆ. 55ರ ಹತ್ತಿರ ಜನಸಂದಣಿ ಇನ್ನೂ ಜಾಸ್ತಿ. ಅಲ್ಲಿ ಕೆಂಪು, ಕಂದು.

ಸಯನೋಬ್ಯಾಕ್ಟೀರಿಯಾದಲ್ಲಿ ಹಸಿರು ಕ್ಲೋರೋಫಿಲ್ ಇರುತ್ತದೆ. ಹಾಗಾದರೆ ಹಳದಿ, ಕಿತ್ತಳೆ ಎಲ್ಲಿಂದ ಬಂತು? ಕ್ಯಾರೊಟಿನಾಯ್ಡ್ ಎಂಬ ಬಣ್ಣಗಳಿಂದ. ಶ್ರೀನಿವಾಸಪುರದ ಮಾವಿನ ಹಳದಿ, ಕೋಲಾರದ ಟೊಮೆಟೊ ಕೆಂಪು, ಚಿಕ್ಕಬಳ್ಳಾಪುರದ ಚೆಂಡು ಹೂವಿನ ಬಣ್ಣ, ಎಲ್ಲವೂ ಇದೇ ಕುಟುಂಬದವು. ಬುಗ್ಗೆಯ ಜೀವಿಗಳಿಗೆ ಇದು ಅಂದಕ್ಕಲ್ಲ, ಬಿಸಿಲಿನಿಂದ ಕಾಪಾಡಿಕೊಳ್ಳೋಕೆ. ಬಿಸಿಲು ಚುರುಗುಟ್ಟುವ ತಿಂಗಳುಗಳಲ್ಲಿ ಕ್ಯಾರೊಟಿನಾಯ್ಡ್ ಜಾಸ್ತಿಯಾಗಿ ಬಳೆಗಳು ಕಿತ್ತಳೆ, ಕೆಂಪಾಗುತ್ತವೆ. ಚಳಿಗಾಲದಲ್ಲಿ ಬೆಳಕು ಕಡಿಮೆ. ಆಗ ಕ್ಲೋರೋಫಿಲ್‌ನದೇ ಮೇಲುಗೈ, ಅದೇ ಜಾಗ ಕಡು ಹಸಿರಾಗಿ ಕಾಣುತ್ತದೆ.

ಈಗ ನಮ್ಮ ಲ್ಯಾಬಿನ ವಿಷಯಕ್ಕೆ ಬರುತ್ತೇನೆ. ಕೋವಿಡ್ ಕಾಲದಲ್ಲಿ ಪಿಸಿಆರ್ ಎಂಬ ಮೂರಕ್ಷರ ಎಲ್ಲರ ಬಾಯಲ್ಲೂ ಇತ್ತು. ರೋಗಾಣುವಿನ ಡಿಎನ್‌ಎ ಚೂರನ್ನು ಕೋಟ್ಯಂತರ ಪಟ್ಟು ಹೆಚ್ಚಿಸಿ ಪತ್ತೆ ಹಚ್ಚುವ ವಿಧಾನ ಅದು. ಕೋವಿಡ್‌ನಂಥ ಆರ್‌ಎನ್‌ಎ ವೈರಸ್ ಆದರೆ ಮೊದಲು ಅದನ್ನು ಡಿಎನ್‌ಎ ಮಾಡಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ. ಯಂತ್ರ ಮೊದಲು 95 ಡಿಗ್ರಿಗೆ ಏರುತ್ತದೆ. ಡಿಎನ್‌ಎಯ ಜೋಡಿ ಎಳೆಗಳು ಬಿಡಿಯಾಗುತ್ತವೆ. ಆಮೇಲೆ 55, 60ರ ಸುತ್ತ ಇಳಿದು ಸಣ್ಣ ಗುರುತಿನ ತುಂಡುಗಳು ಅಂಟಿಕೊಳ್ಳೋಕೆ ಬಿಡುತ್ತದೆ. ಮತ್ತೆ 72ಕ್ಕೆ ಏರಿ ಹೊಸ ಎಳೆ ಬೆಳೆಸುತ್ತದೆ. ಹೀಗೆ 30, 40 ಸುತ್ತು. ಹೊಸ ಎಳೆ ಕಟ್ಟುವ ಕೆಲಸ ಪಾಲಿಮರೇಸ್ ಎಂಬ ಕಿಣ್ವದ್ದು. ಶುರುವಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಕಿಣ್ವ ಬಳಸುತ್ತಿದ್ದರು. ಪ್ರತಿ ಸುತ್ತಿನ ಬಿಸಿಗೂ ಅದು ಹಾಳಾಗುತ್ತಿತ್ತು. ಪ್ರತಿ ಸಲವೂ ಹೊಸದು ಹಾಕಬೇಕು. ಹಾಗೇ ಇದ್ದಿದ್ದರೆ ದಿನಕ್ಕೆ ನೂರಾರು ಸ್ಯಾಂಪಲ್ ನೋಡುವುದು ಕನಸಿನ ಮಾತು.

ಬಿಸಿಗೆ ಜಗ್ಗದ ಕಿಣ್ವ ಸಿಕ್ಕಿದ್ದು ಬಿಸಿನೀರಿನ ಬುಗ್ಗೆಯಲ್ಲಿ. ಅದರ ಹೆಸರು ಟ್ಯಾಕ್. ನಮ್ಮಲ್ಲಿ ಅದು ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿರುತ್ತದೆ. ಗ್ಲಿಸರಾಲ್ ಸೇರಿಸಿರುವುದರಿಂದ ಅಷ್ಟು ಚಳಿಯಲ್ಲೂ ಗಟ್ಟಿಯಾಗುವುದಿಲ್ಲ. ಒಂದು ಮೈಕ್ರೋಲೀಟರಿಗೂ ಕಡಿಮೆ ತೆಗೆದು ಟ್ಯೂಬಿಗೆ ಬಿಟ್ಟರೆ ತಳಕ್ಕೆ ಎಳೆಎಳೆಯಾಗಿ ಇಳಿಯುವುದು ಕಾಣುತ್ತದೆ. ಹೊಸಬರಿಗೆ ಇದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತೋರಿಸುತ್ತೇನೆ. ಸರಿಯಾಗಿ ಬೆರೆಸದಿದ್ದರೆ ಕಿಣ್ವ ತಳದಲ್ಲೇ ಉಳಿಯುತ್ತದೆ.

ಇದರ ಹಿಂದಿರುವವರು ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ. 1966ರಲ್ಲಿ ಯೆಲ್ಲೋಸ್ಟೋನಿನ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಅವರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಒಂದು ಬ್ಯಾಕ್ಟೀರಿಯಾ ಬೆಳೆಸಿದರು. ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು 1969ರಲ್ಲಿ ಪ್ರಕಟಿಸಿದರು. ಟ್ಯಾಕ್ ಈ ಬ್ಯಾಕ್ಟೀರಿಯಾದ ಕಿಣ್ವವೇ. ಔಷಧಿಯನ್ನೋ ಲಾಭವನ್ನೋ ಹುಡುಕಿಕೊಂಡು ಹೋದವರಲ್ಲ ಅವರು. ಎಷ್ಟು ಬಿಸಿಯವರೆಗೆ ಜೀವ ಇರಬಹುದು ಎಂಬ ಕುತೂಹಲ, ಅಷ್ಟೇ. 1983ರಲ್ಲಿ ಪಿಸಿಆರ್ ಯೋಚನೆ ಹೊಳೆದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 1991ರಲ್ಲಿ, ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾಗಿದ್ದವು. ಬುಗ್ಗೆಯನ್ನು ಕಾಪಾಡಿಕೊಂಡು ಬಂದ ಉದ್ಯಾನಕ್ಕೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಎಲ್ಲ ಬುಗ್ಗೆಗಳ ಬಣ್ಣವೂ ಜೀವಿಗಳದ್ದಲ್ಲ. ಜಪಾನಿನ ಬೆಪ್ಪುವಿನಲ್ಲಿರುವ ರಕ್ತಗೆಂಪು ಕೊಳಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ. ನ್ಯೂಜಿಲೆಂಡಿನ ಶಾಂಪೇನ್ ಪೂಲ್‌ನ ಕಿತ್ತಳೆ ಅಂಚು ಆರ್ಸೆನಿಕ್, ಆಂಟಿಮನಿ ಖನಿಜಗಳದ್ದು. ಟರ್ಕಿಯ ಪಾಮುಕ್ಕಲೆಯ ಬಿಳಿ ಮೆಟ್ಟಿಲುಗಳು ಸುಣ್ಣದವು.

"ನಮ್ಮ ಕಡೆ ಯಾಕಿಲ್ಲ ಸರ್?" ಎಂಬುದು ಮುಂದಿನ ಪ್ರಶ್ನೆ. ಅಂತರಗಂಗೆಯ ನೀರು ತಣ್ಣಗೆ, ತುಮಕೂರಿನ ನಾಮದ ಚಿಲುಮೆಯದೂ ತಣ್ಣಗೆ. ಇದಕ್ಕೆ ಉತ್ತರ ಕೆಜಿಎಫ್‌ನಲ್ಲೇ ಇದೆ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ಅಷ್ಟು ಕೆಳಗೂ ಬಂಡೆಯ ಶಾಖ 65 ಡಿಗ್ರಿಯ ಆಸುಪಾಸು. ಕೆಲಸ ಮಾಡುತ್ತಿದ್ದವರಿಗೆ ಅದು ನರಕವೇ ಸರಿ. ಆದರೆ ಭೂಮಿಯ ಲೆಕ್ಕದಲ್ಲಿ ಕಡಿಮೆ: ಕಿಲೋಮೀಟರಿಗೆ ಬರೀ 12 ಡಿಗ್ರಿಯಷ್ಟು ಏರಿಕೆ. ಬೇರೆ ಕಡೆ ಸಾಮಾನ್ಯವಾಗಿ 25ರಿಂದ 30. ನಮ್ಮದು 250 ಕೋಟಿ ವರ್ಷಕ್ಕೂ ಹಳೆಯ, ಆರಿ ತಣ್ಣಗಾದ ನೆಲ. ಯೆಲ್ಲೋಸ್ಟೋನಿನ ಕೆಳಗೆ ಕೆಲವೇ ಕಿಲೋಮೀಟರ್ ಆಳದಲ್ಲಿ ಕರಗಿದ ಕಲ್ಲಿದೆ. ಕರ್ನಾಟಕದಲ್ಲಿ ಹೆಸರು ಹೇಳಬಹುದಾದ್ದು ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥ. ಅದೂ ಕುದಿಯುವ ನೀರಲ್ಲ, ಬೆಚ್ಚಗಿನ ನೀರು.

ಯೆಲ್ಲೋಸ್ಟೋನಿನಲ್ಲೇ ಮಾರ್ನಿಂಗ್ ಗ್ಲೋರಿ ಎಂಬ ಇನ್ನೊಂದು ಕೊಳವಿದೆ. ಹಿಂದೆ ಪೂರ್ತಿ ನೀಲಿಯಾಗಿತ್ತು. ನೋಡಲು ಬಂದವರು ನಾಣ್ಯ, ಕಲ್ಲು, ಕಸ ಎಸೆದು ಎಸೆದು ಬಿಸಿನೀರು ಬರುವ ಬಾಯಿಯೇ ಸ್ವಲ್ಪ ಸ್ವಲ್ಪ ಕಟ್ಟಿಕೊಂಡಿತು. ಶಾಖ ಇಳಿಯಿತು. ಅಂಚಿನಲ್ಲಿದ್ದ ಜೀವಿಗಳು ಒಳಗೆ ನುಗ್ಗಿದವು. ಈಗ ಅದು ಹಳದಿ, ಹಸಿರು. ನೋಡೋಕೆ ಚೆಂದವೇ, ಆದರೆ ಅದು ಕಾಯಿಲೆಯ ಬಣ್ಣ. ಕೊಳ ಕಂಡರೆ ನಾಣ್ಯ ಹಾಕುವ ರೂಢಿ ನಮ್ಮಲ್ಲೂ ಇದೆ. ದಯವಿಟ್ಟು ಬಿಸಿನೀರಿನ ಕುಂಡಗಳಿಗೆ ಹಾಕಬೇಡಿ.

ಹಿಮಾಚಲದ ಮಣಿಕರಣಕ್ಕೆ ನಮ್ಮ ಕಡೆಯಿಂದಲೂ ಯಾತ್ರೆ ಹೋಗುತ್ತಾರೆ. ಬುಗ್ಗೆಯ ನೀರಿನಲ್ಲಿ ಅಕ್ಕಿ ಗಂಟು ಇಳಿಬಿಟ್ಟು ಬೇಯಿಸುವುದನ್ನು ನೋಡಿ ಬರುತ್ತಾರೆ. ನೀವು ಹೋದರೆ ಇನ್ನೊಂದನ್ನೂ ನೋಡಿ: ಬಿಸಿನೀರು ಹರಿದು ಹೋಗುವ ದಾರಿ. ಬುಗ್ಗೆಯ ಬಾಯಿಯ ಹತ್ತಿರ ಪಾಚಿ ಇರುವುದಿಲ್ಲ. ಹರಿಯುತ್ತಾ ಆರಿದ ಕಡೆ ಹಸಿರೋ ಕಂದೋ ಲೋಳೆ ಶುರುವಾಗುತ್ತದೆ. ಅದು ಎಲ್ಲಿ ಶುರುವಾಯಿತೋ ಅಲ್ಲೂ ನೀರು 70 ಡಿಗ್ರಿ ಇರಬಹುದು, ಬೆರಳು ಅದ್ದಬೇಡಿ. ಆ ಗಡಿಯ ಒಂದು ಫೋಟೊ ತೆಗೆದು ನನಗೆ ಕಳಿಸಿ, ಲ್ಯಾಬಿನ ಮಕ್ಕಳಿಗೆ ತೋರಿಸುತ್ತೇನೆ.